ನೆಲದ ಸಂದಿಯಿಂದ ಬಂದ ಚಳಿ

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, 1890ರ ದಶಕದ ಕೆಂಪು ಇಟ್ಟಿಗೆಯ ಸಾಲುಮನೆಯೊಂದರಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಇಂಥ ಮನೆಗಳನ್ನು ಕಟ್ಟಿದ್ದೇ ಕಲ್ಲಿದ್ದಲ ಬೆಂಕಿಯನ್ನು ಲೆಕ್ಕಕ್ಕಿಟ್ಟುಕೊಂಡು. ಕೋಣೆಗೊಂದು ಬೆಂಕಿಗೂಡು, ಅದಕ್ಕೊಂದು ಚಿಮಣಿ. ಬೆಂಕಿ ಉರಿಯಲು ಬೇಕಾದ ಗಾಳಿ ಬಾಗಿಲ ಸಂದಿಯಿಂದ, ಕಿಟಕಿಯ ಅಂಚಿನಿಂದ, ಹಲಗೆ ನೆಲದ ಅಡಿಯಿಂದ ಬರುತ್ತಿತ್ತು. ಮನೆಯ ತೇವವನ್ನೂ ಎಳೆದುಕೊಂಡು ಚಿಮಣಿ ಹತ್ತಿ ಹೋಗುತ್ತಿತ್ತು. ಈಗ ಬೆಂಕಿ ಇಲ್ಲ. ಗ್ಯಾಸ್ ಬಾಯ್ಲರ್ ಕಾಯಿಸಿದ ನೀರು ಕೋಣೆ ಕೋಣೆಯ ರೇಡಿಯೇಟರ್‌ಗಳಲ್ಲಿ ಸುತ್ತುತ್ತದೆ. ಸಂದಿಗಳು ಮಾತ್ರ ಹಾಗೇ ಉಳಿದಿದ್ದವು.

ನವೆಂಬರಿನಲ್ಲಿ ಸಾಗರದಿಂದ ಅತ್ತೆ ಬಂದರು. ಸ್ವೆಟರು, ಶಾಲು, ಒಂದರ ಮೇಲೊಂದು ಕಾಲುಚೀಲ ಹಾಕಿಕೊಂಡು ಸೋಫಾದ ಮೇಲೆ ಕಾಲು ಮಡಚಿ ಕೂತಿರುತ್ತಿದ್ದರು. ಗೋಡೆಯ ಥರ್ಮೋಸ್ಟಾಟ್ 20 ಡಿಗ್ರಿ ತೋರಿಸುತ್ತಿತ್ತು. "ಮೈಗೆ ಬೆಚ್ಚಗೇ ಇದ್ದು ಕೂಸೆ, ಕಾಲಬುಡದಲ್ಲಿ ಗಾಳಿ ಆಡ್ತು" ಎಂದರು. ಅವರು ಹೇಳಿದ್ದೇ ನಿಜವಾದ ತೊಂದರೆ ಎಂದು ಆಮೇಲೆ ತಿಳಿಯಿತು.

ಆ ಹೊತ್ತಿಗೆ ಮನೆ ನೋಡಲು ಬಂದ ಗುತ್ತಿಗೆದಾರರೊಬ್ಬರು ಗೋಡೆಗಳಿಗೆಲ್ಲ ಒಳಗಿನಿಂದ ಶಾಖ ತಡೆಯುವ ಫೋಮ್ ಹಲಗೆ ಹೊಡೆಸಿಬಿಡಿ ಎಂದಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮದು ನಡುವೆ ಟೊಳ್ಳಿಲ್ಲದ ಗೋಡೆ. ಬೀದಿಯಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ: ಉದ್ದ ಇಟ್ಟಿಗೆಯ ಪಕ್ಕದಲ್ಲಿ ಇನ್ನೊಂದರ ಗಿಡ್ಡ ತುದಿ ಮಾತ್ರ ಕಾಣುತ್ತದೆ, ಅದು 9 ಇಂಚಿನ ಗೋಡೆಗೆ ಅಡ್ಡಲಾಗಿ ಮಲಗಿದೆ. ಇಂಥ ಗೋಡೆ ಮಳೆಯಲ್ಲಿ ನೀರು ಹೀರಿಕೊಂಡು ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಹಾಕಿದ್ದೂ ಅದಕ್ಕೆ ಹೊಂದುತ್ತದೆ. ಆವಿ ದಾಟದ ಹಲಗೆಯನ್ನು ಒಳಗೆ ಬಡಿದರೆ ಇಟ್ಟಿಗೆ ಇನ್ನಷ್ಟು ತಣ್ಣಗಾಗಿ ತೇವ ಅಲ್ಲೇ ನಿಲ್ಲಬಹುದು, ಗೋಡೆಯಲ್ಲಿ ಹುದುಗಿದ ತೊಲೆಗಳ ತುದಿ ಕೊಳೆಯಬಹುದು. ನೂರು ವರ್ಷ ದಾಟಿದ ಮನೆಯನ್ನು ಬೆಚ್ಚಗೆ ಮಾಡುವ ಆತುರದಲ್ಲಿ ಕೊಳೆಸುವುದು ನನಗೆ ಬೇಕಿರಲಿಲ್ಲ. ಮೊದಲು ಶಾಖ ಎಲ್ಲಿ ಸೋರುತ್ತಿದೆ ನೋಡೋಣ ಎಂದು ಗಾಳಿ ಸೋರಿಕೆಯ ಪರೀಕ್ಷೆ ಮಾಡಿಸಿದೆವು.

ಪರೀಕ್ಷೆಗೆ ಬಂದ ಹೆಂಗಸು ಮುಂಬಾಗಿಲ ಚೌಕಟ್ಟಿಗೆ ದಪ್ಪ ಬಟ್ಟೆಯ ತೆರೆ ಬಿಗಿದು, ಅದರ ತೂತಿನಲ್ಲಿ ದೊಡ್ಡ ಫ್ಯಾನ್ ಕೂರಿಸಿದರು. ಬಾಯ್ಲರ್ ಆರಿಸಿದೆವು. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾ ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ಅಂತರ ತಂದಾಗ, ಹೊರಗಿನ ಗಾಳಿ ಸಿಕ್ಕಸಿಕ್ಕ ಸಂದಿಯಿಂದ ಒಳಗೆ ನುಗ್ಗಿತು. ಅವರ ಕೈಯಲ್ಲಿ ಹೊಗೆ ಬಿಡುವ ಪೆನ್ನು. ಅತ್ತೆ ಅದನ್ನು ನೋಡಿದವರೇ ದೇವರ ಮುಂದಿನಿಂದ ಊದುಬತ್ತಿ ಹಚ್ಚಿಕೊಂಡು ಬಂದರು! ಇದೂ ನಡೆಯುತ್ತದೆ ಎಂದು ಆಕೆ ಖುಷಿಯಿಂದ ಒಪ್ಪಿಕೊಂಡರು.

ಎಲ್ಲರ ಅನುಮಾನವೂ ಮೇಲೆ ಕೆಳಗೆ ಸರಿಯುವ ಹಳೇ ಕಿಟಕಿಗಳ ಮೇಲಿತ್ತು. ಅಲ್ಲಿ ಹೊಗೆ ಸ್ವಲ್ಪ ನಡುಗಿತು, ಅಷ್ಟೆ. ಗೋಡೆಯ ಬುಡದ ಮರದ ಪಟ್ಟಿಯ ಹತ್ತಿರ ಹಿಡಿದಾಗ ಹೊಗೆಯ ಎಳೆ ತಟ್ಟನೆ ಮುರಿದು ಅಡ್ಡಕ್ಕೆ ಹರಿಯಿತು. ಪಟ್ಟಿಯ ಕೆಳಗೆ ಕೂತಿದ್ದ ಧೂಳಿನ ನಾರುಗಳು ಅಲುಗಾಡುತ್ತಿದ್ದವು. ಹಲಗೆ ಹಲಗೆಗಳ ನಡುವಿನ ಗೆರೆಗಳಲ್ಲೂ ಅದೇ ಕಥೆ. ಅಡುಗೆಮನೆಯ ಸಿಂಕಿನ ಕೆಳಗೆ, ಪೈಪು ಹಾಯಲು ಕೊರೆದು ಮುಚ್ಚದೇ ಬಿಟ್ಟ ಮುಷ್ಟಿಗಾತ್ರದ ತೂತನ್ನು ಹುಡುಕಿದ್ದು ಅತ್ತೆಯೇ.

ಆದ್ದರಿಂದ ದುಡ್ಡು ಹಾಕಿದ್ದು ನೆಲಕ್ಕೆ. ಬಡಗಿ ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಒಂದೊಂದಾಗಿ ಎಬ್ಬಿಸಿದರು. ಕೆಳಗೆ ಕತ್ತಲು, ಒಣಮಣ್ಣು, ಇಟ್ಟಿಗೆ ಚೂರು, ಮುಖಕ್ಕೆ ಬಡಿಯುವ ತಣ್ಣನೆ ಗಾಳಿ. ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆಗಳಿವೆ, ಗಾಳಿ ಬರುವುದು ಅವುಗಳಿಂದ. ಅವನ್ನು ಮುಚ್ಚಬಾರದು, ತೊಲೆಗಳು ಒಣಗಿರುವುದೇ ಆ ಗಾಳಿಯಿಂದ. ತೊಲೆಗಳ ನಡುವೆ ಆವಿ ದಾಟುವ ಹಾಳೆಯನ್ನು ಜೋಲಿಯಾಗಿ ಇಳಿಬಿಟ್ಟು, ಅದರ ತುಂಬ ಮರದ ನಾರಿನ ದಿಂಡು ಒತ್ತಿ, ಮೇಲೆ ಗಾಳಿ ತಡೆಯುವ ಹಾಳೆ ಹಾಸಿ, ಅಂಚಿಗೆಲ್ಲ ಟೇಪು ಬಿಗಿದು, ಅವೇ ಹಲಗೆಗಳನ್ನು ಮತ್ತೆ ಹೊಡೆದರು. ಗಾಳಿ ಕೆಳಗೆ ಓಡಾಡಿಕೊಂಡಿರುತ್ತದೆ, ಕೋಣೆಗೆ ಬರುವುದಿಲ್ಲ. ಅಟ್ಟದಲ್ಲಿ ಇಲ್ಲಿ ಶಿಫಾರಸು ಮಾಡುವ 270 ಮಿಲಿಮೀಟರ್ ದಪ್ಪಕ್ಕೆ ಉಣ್ಣೆ ಹಾಸಿದೆವು, ಮಾಡಿನ ಅಂಚಿನಲ್ಲಿ ಗಾಳಿಗೆ ಜಾಗ ಬಿಟ್ಟು. ಉಪಯೋಗವಿಲ್ಲದ ಚಿಮಣಿಗೆ ಕುರಿ ಉಣ್ಣೆಯ ಬಿರಡೆ. ದಿನಾ ಒಗ್ಗರಣೆ ಹಾಕುವ, ಕುಕ್ಕರ್ ಕೂಗುವ ಮನೆ ಇದು. ಸಂದಿ ಮುಚ್ಚಿದ ಮೇಲೆ ಆವಿಗೆ ದಾರಿ ಬೇಕೇ ಬೇಕು. ಅಡುಗೆಮನೆಗೂ ಬಚ್ಚಲಿಗೂ ಒಳ್ಳೆಯ ಫ್ಯಾನು ಹಾಕಿಸಿದೆವು.

ಕಾಸು ಖರ್ಚಿಲ್ಲದೆ ಆದ ಕೆಲಸ ಬಾಯ್ಲರಿನದು. ರೇಡಿಯೇಟರಿಗೆ ಹೋಗುವ ನೀರು 75 ಡಿಗ್ರಿಯಲ್ಲಿತ್ತು, 55ಕ್ಕೆ ಇಳಿಸಿದೆವು. ಈಗಿನ ಬಾಯ್ಲರುಗಳು ಹೊಗೆಯಲ್ಲಿರುವ ನೀರಾವಿಯನ್ನು ನೀರಾಗಿಸಿ ಅದರ ಶಾಖವನ್ನು ಹಿಂದಕ್ಕೆ ಪಡೆಯುವಂಥವು. ಆದರೆ ತಿರುಗಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ನೀರಾಗುತ್ತದೆ. ಹಿತ್ತಲಿನ ಗೋಡೆಯ ಸಣ್ಣ ಪ್ಲಾಸ್ಟಿಕ್ ಪೈಪಿನಿಂದ ಈಗ ಮೊದಲಿಗಿಂತ ಜಾಸ್ತಿ ನೀರು ತೊಟ್ಟಿಕ್ಕುತ್ತದೆ. ಮನೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಬೇಗ ಹಚ್ಚುತ್ತೇವೆ. ನಮ್ಮದು ಕಾಂಬಿ ಬಾಯ್ಲರ್, ಅಂದರೆ ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವಂಥದ್ದು, ಟ್ಯಾಂಕಿಲ್ಲ. ಸ್ನಾನದ ನೀರಿನ ಬಿಸಿ ಬೇರೆಯೇ ಹೊಂದಿಸಿಕೊಳ್ಳಬಹುದು. ಟ್ಯಾಂಕಿನಲ್ಲಿ ನೀರು ಕೂಡಿಡುವವರು ಮಾತ್ರ ಅದನ್ನು 60 ಡಿಗ್ರಿಗೆ ಕಾಯಿಸಬೇಕು. ಇಲ್ಲದಿದ್ದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಥರ್ಮೋಸ್ಟಾಟ್ ಈಗ 19ರಲ್ಲಿದೆ, ಅತ್ತೆಯ ಶಾಲು ಕುರ್ಚಿಯ ಬೆನ್ನಿಗೆ. 55 ಡಿಗ್ರಿಯ ನೀರಿಗೇ ಮನೆ ಬೆಚ್ಚಗಾಗುವುದು ಕಂಡ ಮೇಲೆ ನನಗೆ ಹೀಟ್ ಪಂಪಿನ ಮೇಲೆ, ಅಂದರೆ ಹೊರಗಿನ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ಎಳೆದು ತರುವ ಯಂತ್ರದ ಮೇಲೆ, ನಂಬಿಕೆ ಬಂದಿದೆ. ಅದಕ್ಕೆ ಹಿತವಾಗುವುದೂ ಇಂಥ ಕಡಿಮೆ ಬಿಸಿಯೇ. 2023ರ ಅಕ್ಟೋಬರಿನಲ್ಲಿ ಸರ್ಕಾರ ಅದರ ಸಹಾಯಧನವನ್ನು 7,500 ಪೌಂಡಿಗೆ ಏರಿಸಿತು. ಈ ಬಾಯ್ಲರ್ ಕೆಡುವವರೆಗೆ ಕಾಯದೆ ಬೇಸಿಗೆಯಲ್ಲೇ ಅಂದಾಜು ಪಟ್ಟಿ ತರಿಸಬೇಕು. ಅದಕ್ಕೂ ಮೊದಲು, ಮುಂದಿನ ಕೋಣೆಯ ಹಳೇ ಕಿಟಕಿಯನ್ನು ಕೀಳದೆ ಒಳಬದಿಗೆ ಇನ್ನೊಂದು ಗಾಜು ಕೂರಿಸುವ ಕೆಲಸ ಬಾಕಿಯಿದೆ. ಅಳತೆ ಕೊಟ್ಟಾಗಿದೆ.