ಅಪ್ಪನ ಹಳೇ ಫೋನು, ಅಕ್ಟೋಬರಿನ ಒಂದು ಕರೆ

ಬೆಳೆ ವಿಮೆಯಲ್ಲಿ 72 ಗಂಟೆಯ ನಿಯಮ ಒಂದಿದೆ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ, 72 ಗಂಟೆಯೊಳಗೆ ತಿಳಿಸಬೇಕು. ಟೋಲ್ ಫ್ರೀ ನಂಬರಿಗೆ ಹೇಳಬಹುದು. ಬ್ಯಾಂಕಿಗೋ ಕೃಷಿ ಇಲಾಖೆಗೋ ಹೇಳಿದರೂ ನಡೆಯುತ್ತದೆ. ಹೇಳಿದ್ದಕ್ಕೆ ಗುರುತು ಇರಬೇಕು ಅಷ್ಟೇ.

ನಮ್ಮಪ್ಪ ಹೇಳಿದ್ದರು, ಗುರುತು ಇರಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹೊಲದಲ್ಲಿ 2024ರ ಅಕ್ಟೋಬರ್ ನಡುವೆ ಮುರಿದು ಹಾಕಿದ್ದ ಗೋವಿನಜೋಳದ ತೆನೆ ಮಳೆಗೆ ನೆನೆದು ಅಲ್ಲೇ ಮೊಳಕೆಯೊಡೆಯಿತು. ಅಪ್ಪ ಹೊಲದಲ್ಲೇ ನಿಂತು ವಿಮಾ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದ್ದರು. ಫೆಬ್ರವರಿಯಲ್ಲಿ ಕಂಪನಿಯಿಂದ ಬಂದ ಉತ್ತರ ಬೇರೆ ಇತ್ತು: ಈ ಸರ್ವೆ ನಂಬರಿಗೆ ನಿಗದಿತ ಅವಧಿಯಲ್ಲಿ ಯಾವುದೇ ಮಾಹಿತಿ ಬಂದಿಲ್ಲ.

"ಅವತ್ತ ಸಂಜೀಕ ಮಾಡೀನಲ್ಲೋ ತಮ್ಮಾ. ಹೆಸರ, ಊರ, ಸರ್ವೆ ನಂಬರ ಎಲ್ಲಾ ಕೇಳ್ಯಾರ," ಅಂದರು ಅಪ್ಪ.

"ದೂರಿನ ನಂಬರ್ ಕೊಟ್ಟಿರ್ಬೇಕಲ್ಲ ಅಪ್ಪಾ?"

"ಹೇಳಿದ್ರು. ಬರಕೊಳ್ಳಾಕ ಹೊಲದಾಗ ಪೆನ್ ಎಲ್ಲಿತ್ತು?"

ಆ ನಂಬರಿಗೆ ಫೋನ್ ಮಾಡಿದರೆ ಮೊದಲು ಕೇಳುವುದೇ "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ" ಎಂಬ ಧ್ವನಿ. ರೆಕಾರ್ಡ್ ಮಾಡುವವರು ಅವರು, ಪುರಾವೆ ತರಬೇಕಾದವರು ನಾವು. ಇದನ್ನು ನಾನು ಕಂಪನಿಯ ಹುಡುಗನ ಹತ್ತಿರ ಕೇಳಿಯೂ ಕೇಳಿದೆ. "ಸರ್, ತಾರೀಖು ಮತ್ತು ಟೈಮ್ ಸರಿಯಾಗಿ ಹೇಳಿದರೆ ಹುಡುಕಬಹುದು" ಅಂದ. ಪಾಪ, ಅವನ ಕೈಯಲ್ಲಿ ಇರುವುದೂ ಅಷ್ಟೇ ಅಲ್ವಾ. ಆದರೆ ಆ ಮಾತು ನನಗೆ ದಾರಿ ತೋರಿಸಿತು. ಅಪ್ಪನಿಗೆ ನೆನಪಿದ್ದದ್ದು "ಶೀಗಿ ಹುಣ್ಣಿಮಿ ಹತ್ರ ಹತ್ರ" ಅಂತ. ನನಗೆ ಬೇಕಾಗಿದ್ದದ್ದು ಗಂಟೆ, ನಿಮಿಷ.

ಶನಿವಾರ ಹುಬ್ಬಳ್ಳಿಯಿಂದ ಊರಿಗೆ ಹೋದೆ. ಅಪ್ಪನ ಫೋನಿನ ಕರೆ ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋದರೆ ಜನವರಿಗೇ ಮುಗಿದುಹೋಯಿತು. ಆಂಡ್ರಾಯ್ಡಿನ ಮೂಲ ವ್ಯವಸ್ಥೆ ಇಟ್ಟುಕೊಳ್ಳುವುದು ಇತ್ತೀಚಿನ 500 ಕರೆ. ಹೊಸದೊಂದು ಬಂದರೆ ತೀರಾ ಹಳೆಯದು ಅಳಿಸಿಹೋಗುತ್ತದೆ. ದಿನಕ್ಕೆ ಎರಡು ಮೂರು ಕರೆ ಮಾಡುವವರಿಗೆ 500 ಅಂದರೆ ಅರ್ಧ ವರ್ಷದ ಇತಿಹಾಸ. ಅಪ್ಪನಂಥವರಿಗೆ ಸುಗ್ಗಿಯಲ್ಲಿ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಮುಗಿಯುತ್ತದೆ. ರಾಶಿ ಮಷಿನ್ ಎಲ್ಲಿ ಬಂತು, ಹಮಾಲರು ಬರ್ತಾರೋ ಇಲ್ವೋ, ಮಾರ್ಕೆಟ್ಟಿನಲ್ಲಿ ಇವತ್ತಿನ ದರ ಎಷ್ಟು. ಎಲ್ಲಾ ಫೋನಿನಲ್ಲೇ.

ಗೂಗಲ್ ಬ್ಯಾಕಪ್ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಹೋಗಿ ಬ್ಯಾಕಪ್ ಒತ್ತಿದರೆ ಕಾಲ್ ಹಿಸ್ಟರಿಯ ಹೆಸರೂ ಕಾಣುತ್ತದೆ. ಆಸೆ ಹುಟ್ಟುತ್ತದೆ. ಆದರೆ ಅದನ್ನು ತೆರೆದು ಓದಲು ಬರುವುದಿಲ್ಲ. ಫೋನನ್ನು ಹೊಸದಾಗಿ ಸೆಟಪ್ ಮಾಡುವಾಗ ಅದರೊಳಕ್ಕೆ ಇಳಿಸಿಕೊಳ್ಳಬಹುದು, ಅಷ್ಟೇ. ಫೋನು 57 ದಿನ ಬಳಕೆಯಲ್ಲಿ ಇಲ್ಲದಿದ್ದರೆ ಆ ಬ್ಯಾಕಪ್ಪೂ ಅಳಿಸಿಹೋಗಬಹುದು.

ಉಳಿದದ್ದು ಸಿಮ್ ಕಂಪನಿ. ಪ್ರೀಪೇಯ್ಡ್ ಗ್ರಾಹಕರೂ ಹಿಂದಿನ ಆರು ತಿಂಗಳ ಬಳಕೆ ವಿವರ ಕೇಳಿ ಪಡೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2012ರ ನಿಯಮದಲ್ಲಿ ಅದಕ್ಕೆ 50 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತಲೂ ಇದೆ. ಈಗ ಆ್ಯಪಿನಲ್ಲೇ ಇಮೇಲಿಗೆ ಕಳಿಸುತ್ತಾರೆ. ಅಪ್ಪನ ಪಿಡಿಎಫ್ ಬಂತು. ಅಕ್ಟೋಬರ್ ಪುಟಗಳನ್ನು ಬೆರಳಿಟ್ಟು ನೋಡಿದೆ. ನನ್ನ ನಂಬರ್ ಇದೆ, ತಂಗಿಯದಿದೆ, ದಲಾಲರದಿದೆ. ಟೋಲ್ ಫ್ರೀ ನಂಬರ್ ಇಲ್ಲ! ಅದು ಗ್ರಾಹಕ ಮಾಡಿದ ಖರ್ಚಿನ ಪಟ್ಟಿ. ಮಿಸ್ಡ್ ಕಾಲ್ ಇಲ್ಲ, ಬಂದ ಕರೆಗಳೂ ಇಲ್ಲ. ಅಪ್ಪನ ಆ ಒಂದು ಬಿಟ್ಟಿ ಕರೆಯೂ ಅದರಲ್ಲಿ ಸೇರಿರಲಿಲ್ಲ.

ಕಂಪನಿಗಳ ಹತ್ತಿರ ಪೂರ್ತಿ ದಾಖಲೆ ಇರುತ್ತದೆ ಎಂಬುದು ಬೇರೆ ಮಾತು. 2021ರ ಡಿಸೆಂಬರಿನಿಂದ ಕರೆ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ ಸರ್ಕಾರ ಲೈಸೆನ್ಸಿನಲ್ಲೇ ಬರೆದಿದೆ. ಸಿನಿಮಾದಲ್ಲಿ ಪೊಲೀಸರು "ಸಿಡಿಆರ್ ತೆಗೆಸಿ" ಅನ್ನುತ್ತಾರಲ್ಲ, ಅದೇ. ಅದು ಪೊಲೀಸರಿಗೆ ಸಿಗುತ್ತದೆ, ಕೋರ್ಟಿಗೆ ಸಿಗುತ್ತದೆ. ನನ್ನಪ್ಪನ ಫೋನಿನಿಂದ ನನ್ನಪ್ಪ ಮಾಡಿದ ಕರೆಯ ದಾಖಲೆ, ಕೌಂಟರಿನಲ್ಲಿ ನಿಂತು ಕೇಳಿದರೆ ಸಿಗಲಿಲ್ಲ.

ದಾರಿ ತೆರೆದದ್ದು ಅವ್ವನ ಒಂದು ಮಾತಿನಿಂದ. "ಆವಾಗ ಈ ಫೋನ್ ಎಲ್ಲಿತ್ತ? ಇದನ್ನ ದೀಪಾವಳಿಗೆ ತಂದದ್ದಲ್ಲ?"

ಹೌದಲ್ಲ! ದೀಪಾವಳಿಗೆ ತಂಗಿ ಹೊಸ ಫೋನ್ ಕೊಡಿಸಿದ್ದಳು. ಅಂಗಡಿಯ ಹುಡುಗ ಕಾಂಟ್ಯಾಕ್ಟ್ ಮಾತ್ರ ಹಾಕಿಕೊಟ್ಟು ಕಳಿಸಿದ್ದ. ಹಳೇ ಫೋನಿನ ಗಾಜು ಮೂಲೆಯಲ್ಲಿ ಒಡೆದಿತ್ತು. ಅದನ್ನು ಅಳಿಯ, ಅಂದರೆ ತಂಗಿಯ ಮಗ, ಗೇಮ್ ಆಡಲು ಎತ್ತಿಕೊಂಡು ಹೋಗಿದ್ದ. ಸಿಮ್ ತೆಗೆದ ದಿನವೇ ಆ ಫೋನಿನ ಕರೆ ಪಟ್ಟಿ ನಿಂತುಹೋಗಿತ್ತು. ಹೊಸ ಕರೆ ಬಂದಿಲ್ಲ ಅಂದಮೇಲೆ ಹಳೆಯದು ಅಳಿಸಿಲ್ಲ. ಇವನು ರೀಸೆಟ್ ಮಾಡಿರದಿದ್ದರೆ ಸಾಕು.

ಹಾವೇರಿಗೆ ಹೋಗುವಷ್ಟು ಹೊತ್ತೂ ಅದೇ ಯೋಚನೆ. ಹೋಗಿ ನೋಡಿದರೆ ಅಳಿಯ ಗೇಮ್ ನಡುವೆ ಇದ್ದ. "ಮಾಮಾ, ಐದ ನಿಮಿಷ ತಡೀರಿ" ಅಂದ. ತಡೆದೆ. ಫೋನ್ ಕೈಗೆ ಬಂದದ್ದೇ ಕರೆ ಪಟ್ಟಿ ತೆರೆದು ಕೆಳಗೆ ಎಳೆದೆ. ನವೆಂಬರ್ 1. ಅಕ್ಟೋಬರ್ 28. 20. 15. ಅಲ್ಲಿ ಇತ್ತು, ಆ ನಂಬರು. ಅದರ ಕೆಳಗೆ ಒಂದೆರಡು ದಿನದ ಕರೆಗಳು, ಆಮೇಲೆ ಪಟ್ಟಿಯೇ ಇಲ್ಲ. ಹೊಸ ಫೋನ್ ವಾರ ತಡವಾಗಿ ಬಂದಿದ್ದರೆ ಅದೂ ಹೋಗಿರುತ್ತಿತ್ತು.

ಮೊದಲು ಸ್ಕ್ರೀನ್‌ಶಾಟ್ ತೆಗೆದೆ. ಆ ಕರೆಯ ವಿವರ ತೆರೆದು ಇನ್ನೊಂದು ತೆಗೆದೆ. "ಇದಕ್ಕ ಸಿಮ್ ಹಾಕಬ್ಯಾಡ, ಇದರಿಂದ ಯಾರಿಗೂ ಫೋನ್ ಮಾಡಬ್ಯಾಡ" ಅಂತ ಅಳಿಯನಿಗೆ ತಾಕೀತು ಮಾಡಿದೆ. ಆಮೇಲೆ ವೈಫೈ ಹಾಕಿ 'ಎಸ್‌ಎಂಎಸ್ ಬ್ಯಾಕಪ್ ಆ್ಯಂಡ್ ರೀಸ್ಟೋರ್' ಆ್ಯಪ್ ಇಳಿಸಿದೆ. ಹೆಸರಲ್ಲಿ ಎಸ್‌ಎಂಎಸ್ ಇದ್ದರೂ ಕರೆ ಪಟ್ಟಿಯನ್ನೂ ಅದು ಫೈಲಾಗಿ ತೆಗೆದುಕೊಡುತ್ತದೆ. ಕರೆ ಪಟ್ಟಿ ಓದುವ ಅನುಮತಿಯನ್ನು ಗೂಗಲ್ 2019ರಿಂದ ಬಿಗಿ ಮಾಡಿದೆ. ಹಾಗಾಗಿ ಈ ಕೆಲಸಕ್ಕೆ ಸಿಕ್ಕಸಿಕ್ಕ ಆ್ಯಪ್ ಹಾಕಬೇಡಿ. ಕಂಪ್ಯೂಟರ್ ಗೊತ್ತಿರುವವರು ಆ್ಯಪ್ ಇಲ್ಲದೆಯೂ, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಎಡಿಬಿ ಎಂಬ ಸಾಧನದಿಂದ ಇಡೀ ಪಟ್ಟಿ ತೆಗೆಯಬಹುದು. ಅಳಿಯ ಪಕ್ಕದಲ್ಲೇ ಕಾಯುತ್ತಿದ್ದ, ನನಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಆ್ಯಪು ಕೊಡುವುದು ಒಂದು ಎಕ್ಸ್‌ಎಂಎಲ್ ಫೈಲು. ಅದನ್ನು ನನಗೇ ಮೇಲ್ ಮಾಡಿಕೊಂಡು ಲ್ಯಾಪ್‌ಟಾಪಿನಲ್ಲಿ, ಎಕ್ಸೆಲ್‌ನಲ್ಲಿ ತೆರೆದೆ. ಒಂದೊಂದು ಕರೆಗೆ ಒಂದೊಂದು ಸಾಲು. ಕರೆಯ ಬಗೆಗೆ ಒಂದು ಅಂಕಿ ಇರುತ್ತದೆ: 1 ಅಂದರೆ ಬಂದದ್ದು, 2 ಮಾಡಿದ್ದು, 3 ಮಿಸ್ಡ್, 5 ಕಟ್ ಮಾಡಿದ್ದು. ಮಾತಾಡಿದ ಹೊತ್ತು ಸೆಕೆಂಡಿನಲ್ಲಿ. ಫೋನ್ ನಂಬರಿನ ಕಾಲಂ ನೋಡಿದರೆ ಗಾಬರಿಯಾಗುತ್ತದೆ, ಉದ್ದದ ನಂಬರುಗಳನ್ನು ಎಕ್ಸೆಲ್ 9.19 ಇ ಪ್ಲಸ್ 11 ಅಂತ ಮಡಚಿಬಿಡುತ್ತದೆ. ಆ ಕಾಲಮ್ಮಿನ ಫಾರ್ಮ್ಯಾಟ್ ಬದಲಿಸಿದರೆ ಸರಿಹೋಗುತ್ತದೆ.

ತಾರೀಖಿನದೇ ಮಜಾ. ನಮಗೆ ಬೇಕಾದ ಸಾಲಿನಲ್ಲಿ ಇದ್ದದ್ದು 1728994873000. 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು ಇವು. ಪಕ್ಕದಲ್ಲಿ ಓದಲು ಬರುವಂಥ ತಾರೀಖೂ ಇರುತ್ತದೆ, ಆದರೆ ಅದು ಬರೀ ಅಕ್ಷರ, ಸರಿಯಾಗಿ ಸಾಲುಹಚ್ಚಲು ಆಗುವುದಿಲ್ಲ. ಆ ಅಂಕಿಯನ್ನು 86400000ರಿಂದ ಭಾಗಿಸಿ 25569 ಕೂಡಿಸಿದರೆ ಎಕ್ಸೆಲ್ ತಾರೀಖು ಬರುತ್ತದೆ. ಅದು ಲಂಡನ್ನಿನ ಗ್ರೀನಿಚ್ ಹೊತ್ತು. ಅಪ್ಪ "ಸಂಜೀಕ" ಅಂದದ್ದು ಅಲ್ಲಿ ಮಧ್ಯಾಹ್ನ 12 ಗಂಟೆ 21 ನಿಮಿಷ ಅಂತ ಕಾಣುತ್ತಿತ್ತು. ಅದಕ್ಕೆ ನಮ್ಮ ಐದೂವರೆ ಗಂಟೆ, ಅಂದರೆ 5.5 ಭಾಗಿಸು 24, ಕೂಡಿಸಿದೆ. 2024 ಅಕ್ಟೋಬರ್ 15, ಸಂಜೆ 5 ಗಂಟೆ 51 ನಿಮಿಷ. ಮಾತಾಡಿದ ಹೊತ್ತು 527 ಸೆಕೆಂಡು. ಹತ್ತಿರ ಹತ್ತಿರ ಒಂಬತ್ತು ನಿಮಿಷ. ಅದರ ಹಿಂದಿನ ಸಾಲುಗಳಲ್ಲಿ ಅದೇ ನಂಬರಿಗೆ ಮಾಡಿ ಬೇಗ ಕಡಿದುಹೋದ ಕರೆಗಳೂ ಇದ್ದವು. ಆ ಮಳೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ಬದುವಿನ ಮೇಲೆ ಅಡ್ಡಾಡಿದ್ದರು ಅಂತ ಕಾಣುತ್ತದೆ. ಅಪ್ಪ ಅದನ್ನು ಹೇಳಿಯೇ ಇರಲಿಲ್ಲ.

ಪ್ರಿಂಟ್ ತೆಗೆಯುವ ಮುಂಚೆ ವಕೀಲ ಗೆಳೆಯನಿಗೆ ಕೇಳಿದೆ. "ಪ್ರಿಂಟ್ ಇರಲಿ, ಫೋನನ್ನು ಮೊದಲು ಜೋಪಾನ ಮಾಡು" ಅಂದ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡಬೇಕಾದರೆ ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಮಾಲೀಕನೇ ಮೂಲ ಫೋನ್ ತಂದು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ, 65ಬಿ ಇದ್ದಾಗಲೇ, ಹೇಳಿದೆಯಂತೆ. ನಾವು ಹೋಗುತ್ತಿದ್ದದ್ದು ಕೋರ್ಟಿಗಲ್ಲ, ಬೆಳೆ ವಿಮೆಯ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ. ಆದರೂ ಫೋನ್ ವಾಪಸ್ ತೆಗೆದುಕೊಂಡೆ. ಅಳಿಯನ ಜೊತೆ ವ್ಯವಹಾರ ಕುದುರಿಸುವುದು ವಿಮಾ ಕಂಪನಿಗಿಂತ ಕಷ್ಟವಾಯಿತು, ನನ್ನ ಹಳೇ ಟ್ಯಾಬ್ ಕೊಡಬೇಕಾಯಿತು.

ಗಂಟೆ ನಿಮಿಷ ಬರೆದು ಅರ್ಜಿ ಕೊಟ್ಟ ಮೇಲೆ ಕಂಪನಿಯವರಿಗೆ ಕರೆ ಸಿಕ್ಕಿತು. ಅಪ್ಪನ ಹೆಸರಲ್ಲೇ ಇತ್ತು. ಹಾನಿಯ ದೂರು ಅಂತ ಹಾಕುವ ಬದಲು ಯಾರೋ ಅದನ್ನು "ಮಾಹಿತಿ ವಿಚಾರಣೆ" ಅಂತ ದಾಖಲಿಸಿದ್ದರು. ಮಾಹಿತಿ ಬಂದದ್ದು ಹೌದು ಅಂತ ಈಗ ಲಿಖಿತವಾಗಿ ಒಪ್ಪಿದ್ದಾರೆ. ಆದರೆ ಅವತ್ತು ಸರ್ವೆ ಆಗಿಲ್ಲ, ಈಗ ಹಾನಿ ಎಷ್ಟೆಂದು ಅಳೆಯುವುದು ಹೇಗೆ ಅಂತ ಹೊಸ ತಕರಾರು ತೆಗೆದಿದ್ದಾರೆ. ಮೊಳಕೆಯೊಡೆದ ತೆನೆಗಳ ಫೋಟೋ ಇದ್ದರೆ ತನ್ನಿ ಅಂತ ಸಮಿತಿಯವರು ಹೇಳಿದ್ದಾರೆ. ಅವೂ ಆ ಹಳೇ ಫೋನಿನಲ್ಲೇ ಇರಬೇಕು ಅನ್ನುತ್ತಾರೆ ಅಪ್ಪ. ಅಳಿಯ ಗೇಮಿಗೆ ಜಾಗ ಸಾಲದೆ ಗ್ಯಾಲರಿ ಖಾಲಿ ಮಾಡಿದ್ದಾನೆ. ಈಗ ಗೂಗಲ್ ಫೋಟೋಸ್‌ನ ಪಾಸ್‌ವರ್ಡ್ ಹುಡುಕುತ್ತಿದ್ದೇವೆ.