ಹತ್ತು ದಿನ ಯಾರ ಲೆಕ್ಕದ್ದು?

“ಹನ್ನೊಂದನೇ ದಿನ ಸಿಕ್ಕಿದರೆ ಅವ ಕೊಂದದ್ದೇ ಅಲ್ಲ ಅಂತ ಆಗ್ತದಾ?”

ದೊಡ್ಡಮ್ಮ ಹೀಗೆ ಕೇಳಿದ್ದು ಕಳೆದ ಭಾನುವಾರ, ಅಜ್ಜನ ತಿಥಿಯ ದಿನ. ಆವತ್ತಿನಿಂದ ಶಾಲೆಯಲ್ಲಿ ಹಾಜರಿ ಹಾಕುವಾಗಲೂ ಪೆರ್ಲದ ಬಸ್ಸಿಗೆ ಕಾಯುವಾಗಲೂ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅವರಿಗೆ ಕೇಳಿದ್ದು ನೆನಪಿದೆಯೋ ಇಲ್ಲವೋ. ಕೇಳಿದವರೇ ಎದ್ದು ಮಜ್ಜಿಗೆ ತರಲು ಒಳಗೆ ಹೋಗಿದ್ದರು.

ಊಟ ಆಗಿತ್ತು. ಮಳೆ ಹಿಡಿದುಕೊಂಡಿತ್ತು, ಹೊರಡಬೇಕಾದವರೂ ಹೊರಡಲಿಲ್ಲ. ಹುಡುಗರು ಟಿ.ವಿ.ಯಲ್ಲಿ ‘ಕಣ್ಣೂರ್ ಸ್ಕ್ವಾಡ್’ ಹಾಕಿದರು. ತಿಥಿಯ ದಿನ ಕೊಲೆಯ ಪಿಚ್ಚರು ಯಾಕೆ ಅಂತ ಚಿಕ್ಕಪ್ಪ ಗೊಣಗಿದರು, ಗೊಣಗಿದವರೇ ಒಳ್ಳೆಯ ಕುರ್ಚಿ ಹಿಡಿದು ಕೂತರು. 2023ರ ಮಲಯಾಳಂ ಸಿನಿಮಾ, ನಮ್ಮಲ್ಲಿ ಅರ್ಧ ಜನ ನೋಡಿದವರೇ. ಆದರೆ ಒಮ್ಮೆ ನೋಡಿದವರಿಗೇ ಬಾಯಿ ಹೆಚ್ಚು.

ಕಾಸರಗೋಡಿನ ಪ್ರಭಾವಿ ಉದ್ಯಮಿಯೊಬ್ಬನ ಮನೆಗೆ ನುಗ್ಗಿ ದರೋಡೆ, ಕೊಲೆ. ಮಮ್ಮುಟ್ಟಿಯ ತಂಡದ ನಾಲ್ವರು ಪೊಲೀಸರಿಗೆ ಮೇಲಿನವರು ಕೊಡುವುದು ಹತ್ತು ದಿನ. ಒಂದು ಹಳೇ ಸುಮೋ ಹತ್ತಿ ಅವರು ಉತ್ತರ ಪ್ರದೇಶದವರೆಗೆ ಓಡುತ್ತಾರೆ. 2013ರಲ್ಲಿ ತೃಕ್ಕರಿಪುರದ ಕಡೆ ನಡೆದ ಪ್ರಕರಣ ಈ ಕಥೆಯ ಬೇರು. ಒಂದೇ ಜಿಲ್ಲೆ ಅಂತ ಹೆಸರಿಗೆ, ಗಡಿಯ ಈ ಮೂಲೆಯವರಿಗೆ ತೃಕ್ಕರಿಪುರ ಮಂಗಳೂರಿಗಿಂತ ದೂರ. ಆದರೂ ಪರದೆಯ ಮೇಲೆ ‘ಕಾಸರಗೋಡು’ ಅಂದಾಗ ಚಾವಡಿಯಲ್ಲಿದ್ದವರೆಲ್ಲ ಸ್ವಲ್ಪ ನೆಟ್ಟಗೆ ಕೂತರು.

ಗಡುವಿನ ಮಾತು ಬಂದಾಗಲೇ ದೊಡ್ಡಮ್ಮ ಅದನ್ನು ಕೇಳಿದ್ದು. ಎಲ್ಲರೂ ನಕ್ಕರು. ಅಕ್ಕನ ಮಗ, “ಅಜ್ಜೀ, ಅದು ಸಸ್ಪೆನ್ಸಿಗೆ. ದಿನದ ಲೆಕ್ಕ ಇಲ್ಲದಿದ್ದರೆ ನೋಡುವವ ನಿದ್ದೆ ಮಾಡ್ತಾನೆ” ಅಂದ. ಎದುರು ಕೂತಿದ್ದ ಚಿಕ್ಕಪ್ಪ ಆಗಲೇ ನಿದ್ದೆಯಲ್ಲಿದ್ದರು.

ರಾತ್ರಿ ಹೊತ್ತು ಊರಿಗೆ ಊರೇ ಸುಮೋವನ್ನು ಮುತ್ತುವ ದೃಶ್ಯ ಬಂದಾಗ ಮನೆ ಎರಡು ಪಾಲಾಯಿತು. ಹುಡುಗರದ್ದು ಶಿಳ್ಳೆ. ಲಕ್ನೋದಲ್ಲಿ ಸಂಸಾರ ಮಾಡಿ ಬಂದ ಅತ್ತಿಗೆಗೆ ಕೋಪವೇ ಬಂತು. “ಅಲ್ಲಿಯ ಹಳ್ಳಿಯವರಿಗೆ ಬೇರೆ ಕೆಲಸ ಇಲ್ಲವಾ? ನಾಳೆ ಆ ಕಡೆಯವರು ನಮ್ಮ ಕಾಸರಗೋಡಿನ ಬಗ್ಗೆ ಪಿಚ್ಚರು ಮಾಡಿ, ಇಲ್ಲಿ ಮನೆಮನೆಯಲ್ಲಿ ಕಳ್ಳಸಾಗಣೆಯ ಚಿನ್ನ ಉಂಟು ಅಂತ ತೋರಿಸಿದರೆ ನಿಮಗೆ ಹೇಗಾಗ್ತದೆ?” ಯಾರೂ ಉತ್ತರ ಕೊಡಲಿಲ್ಲ. ನನಗೆ ಅವರ ಮಾತು ಸರಿ ಅನಿಸಿತು. ಆದರೆ ಆ ದೃಶ್ಯ ನಡೆಯುವಾಗ ನಾನೂ ಸೀರೆಯ ಸೆರಗು ಹಿಂಡುತ್ತಿದ್ದೆ, ಅದೂ ನಿಜ. ಅಣ್ಣನದ್ದು ಇನ್ನೊಂದು ತಕರಾರು: ಮೊದಲರ್ಧ ಎಳೆದಿದ್ದಾರೆ, ಸುಷಿನ್ ಶ್ಯಾಮ್‌ನ ಸಂಗೀತ ಇಲ್ಲದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಅಣ್ಣನಿಗೆ ಯಾವ ಸಿನಿಮಾದ ಮೊದಲರ್ಧವೂ ಹಿಡಿಸಿದ್ದಿಲ್ಲ.

ಭಾವ ಮಾತ್ರ ಬೇರೆಯೇ ಸಿನಿಮಾ ನೋಡುತ್ತಿದ್ದರು. ಪೊಲೀಸಿನಲ್ಲಿದ್ದು ನಿವೃತ್ತರಾದವರು. ಇಂಥ ಚಿತ್ರಗಳನ್ನು ಅವರೊಟ್ಟಿಗೆ ನೋಡುವುದೆಂದರೆ ಪರೀಕ್ಷೆಯ ಪೇಪರು ತಿದ್ದುವವರ ಪಕ್ಕ ಕೂತಂತೆ. “ಯು.ಪಿ.ಗೆ ಹೋಗಿ ಬಂದ ಪ್ರಯಾಣಭತ್ಯೆಯ ಬಿಲ್ಲು ಪಾಸಾಗ್ಲಿಕ್ಕೆ ಎಷ್ಟು ದಿನ ಬೇಕು ಅಂತ ತೋರಿಸಲಿ, ಅದು ಥ್ರಿಲ್ಲರು” ಅಂದರು. ಆಮೇಲೆ ನಗು ಬಿಟ್ಟು ವಿವರಿಸಿದರು. ಹೊರರಾಜ್ಯದಲ್ಲಿ ಹಿಡಿದವನನ್ನು ಹಾಗೆಯೇ ಗಾಡಿಗೆ ಹಾಕಿಕೊಂಡು ಬರಲಿಕ್ಕಾಗುವುದಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದೂರದ ಊರಾದರೆ ಅಲ್ಲಿಯ ಕೋರ್ಟಿನಿಂದಲೇ ಟ್ರಾನ್ಸಿಟ್ ರಿಮಾಂಡ್, ಅಂದರೆ ಅವನನ್ನು ಇಲ್ಲಿಗೆ ಕರೆತರುವ ಅನುಮತಿ, ತೆಗೆಯಬೇಕು. ಕೊಲೆ ಕೇಸಾದರೆ, ಆರೋಪಿ ಜೈಲಿನಲ್ಲಿರುವಾಗ 90 ದಿನದೊಳಗೆ ಚಾರ್ಜ್‌ಶೀಟು ಹಾಕಬೇಕು. ಹಾಕದಿದ್ದರೆ ಅವನು ಜಾಮೀನು ಕೇಳಿದಾಗ ಕೊಡದೆ ಗತಿಯಿಲ್ಲ, ಎಂಥ ಪಾಪಿಯೇ ಆಗಿರಲಿ.

“ನಮಗೆ ಬೆವರು ಬರುವುದು ಎಂಬತ್ತನೇ ದಿನದ ಮೇಲೆ. ಲ್ಯಾಬಿನ ರಿಪೋರ್ಟು ಬಂದಿರುವುದಿಲ್ಲ, ಸಾಕ್ಷಿ ಗಲ್ಫಿಗೆ ಹೋಗಿರ್ತಾನೆ. ಅದಕ್ಕೆ ಯಾರೂ ಮ್ಯೂಸಿಕ್ ಹಾಕುವುದಿಲ್ಲ.”

“ಹಾಗಾದರೆ ಆ ಹತ್ತು ದಿನ?”

“ಅದು ಕಾನೂನಿನದ್ದಲ್ಲ. ಮೇಲೆ ಕೂತವನಿಗೆ ಪೇಪರಿನವರು ಫೋನ್ ಮಾಡ್ತಾರಲ್ಲ, ಅವನದ್ದು.”

ಅಕ್ಕನ ಮಗ ಬಿಡಲಿಲ್ಲ. ಓಟ ಅಂದರೆ ಬರೀ ಸಿನಿಮಾದ ಸುಳ್ಳಲ್ಲ ಅಂತ 2019ರ ಏಪ್ರಿಲ್ ನೆನಪಿಸಿದ. ಮಂಗಳೂರಿನ ಆಸ್ಪತ್ರೆಯಿಂದ ನಮ್ಮ ಜಿಲ್ಲೆಯವರ ಹದಿನೈದು ದಿನದ ಹಸುಗೂಸನ್ನು ಹೃದಯದ ಚಿಕಿತ್ಸೆಗೆಂದು ಆಂಬುಲೆನ್ಸಿನಲ್ಲಿ ಕೊಚ್ಚಿಗೆ ಮುಟ್ಟಿಸಿದ್ದು. ಸುಮಾರು 400 ಕಿಲೋಮೀಟರು, ಐದೂವರೆ ಗಂಟೆಯ ಆಸುಪಾಸು. ಆಗ ಹೆದ್ದಾರಿ ಆರು ಪಥದ್ದೂ ಆಗಿರಲಿಲ್ಲ. ಫೋನಿನಲ್ಲಿ ಲೈವ್ ನೋಡುತ್ತ ಜನರೇ ಪೇಟೆ ಪೇಟೆಯಲ್ಲಿ ರಸ್ತೆ ಬಿಡಿಸಿ ನಿಂತಿದ್ದರು. ಈ ಮಾತಿಗೆ ಮಾತ್ರ ಭಾವ ತಲೆ ಆಡಿಸಿದರು. ಮಗುವಿನ ಎದೆಯೊಳಗಿನ ಗಡಿಯಾರವನ್ನು ಯಾವ ಸಾಹೇಬನೂ ಇಟ್ಟದ್ದಲ್ಲ, ಮುಂದೆ ಹಾಕಲಿಕ್ಕೂ ಯಾರಿಂದಲೂ ಆಗುತ್ತಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಪಾತ್ರೆ ತೊಳೆಯಲು ಒಳಗೆ ಹೋದೆ. ದೊಡ್ಡಮ್ಮ ಮಿಕ್ಕ ಸುಟ್ಟವನ್ನು, ತಿಥಿಗೆ ಮಾಡಿದ ಸಿಹಿತಿಂಡಿಯನ್ನು, ಡಬ್ಬಕ್ಕೆ ತುಂಬುತ್ತಿದ್ದರು. ಒಂದು ಪಾಲು ಪಕ್ಕದ ಮನೆಗೆ ಅಂತ ಬೇರೆ ಇಟ್ಟಿದ್ದರು. ದೊಡ್ಡಮ್ಮನ ಮನೆ ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ, ಸ್ವರ್ಗ ಅಂತ ಹೆಸರಿರುವ ಜಾಗದ ಹತ್ತಿರ. ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ಬರೆದದ್ದನ್ನು ಓದಿದವರಿಗೆ ಆ ಊರನ್ನು ಪರಿಚಯಿಸಬೇಕಾಗಿಲ್ಲ. ಪಕ್ಕದ ಮನೆಯಲ್ಲಿ ಹಾಸಿಗೆ ಬಿಟ್ಟು ಏಳದ ಒಬ್ಬ ಹುಡುಗನಿದ್ದಾನೆ. ಹುಡುಗ ಅನ್ನುವುದು ಅಭ್ಯಾಸಬಲ, ಅವನಿಗೆ ನನ್ನದೇ ಪ್ರಾಯ.

“ಇವರಿಗೂ ಮೂರು ತಿಂಗಳು ಅಂತ ಹೇಳಿದ್ದರಲ್ಲ,” ಅಂದರು ದೊಡ್ಡಮ್ಮ, ಡಬ್ಬದ ಮುಚ್ಚಳ ಒತ್ತುತ್ತ. ಅಷ್ಟೇ. ಆಮೇಲೆ ಬಾಳೆಹಣ್ಣು ಎಷ್ಟು ಉಳಿದಿದೆ ಅಂತ ಕೇಳಿದರು.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸುರಿದದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ. ನಿಂತದ್ದು 2000ದ ಕೊನೆಗೆ. ಪರಿಹಾರ ಕೊಡಿ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2010ರ ಡಿಸೆಂಬರಿನಲ್ಲಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ 5 ಲಕ್ಷ ರೂಪಾಯಿ, ಮೂರು ತಿಂಗಳೊಳಗೆ ಅಂತ ಆದೇಶ ಮಾಡಿತು. ದೇಶದ ಅತಿ ದೊಡ್ಡ ನ್ಯಾಯಾಲಯ ಇಟ್ಟ ಗಡುವು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಮತ್ತೆ ಲೆಕ್ಕ ಕೇಳಿದಾಗ ಕಂಡದ್ದು ಇದು: ಸಂತ್ರಸ್ತರ ಪಟ್ಟಿಯಲ್ಲಿ 3,704 ಹೆಸರು, ಹಣ ಸಿಕ್ಕಿದ್ದು ಪುನಃ ಕೋರ್ಟಿಗೆ ಹೋದ 8 ಮಂದಿಗೆ. ಆ ಛೀಮಾರಿಯ ನಂತರವೇ ಉಳಿದವರಿಗೆ ಹಣ ಹಂಚುವ ಕೆಲಸ ಚುರುಕಾದದ್ದು. ಪಕ್ಕದ ಮನೆಯವರಿಗೂ ಆಮೇಲೆ ಬಂತು. ಹಾಸಿಗೆಯ ಮೇಲಿದ್ದವನಿಗೆ ಮೂರು ತಿಂಗಳೂ ಐದು ವರ್ಷವೂ ಒಂದೇ ಮಾಡಿನ ಕೆಳಗೆ ಕಳೆಯಿತು, ಅವನ ಅಮ್ಮ ಮಾತ್ರ ಅಷ್ಟರಲ್ಲಿ ಎತ್ತಿ ಕೂರಿಸಲಾಗದಷ್ಟು ಮುದುಕಿಯಾದರು.

ದೊಡ್ಡಮ್ಮ ಸಿನಿಮಾವನ್ನು ಟೀಕೆ ಮಾಡಿದ್ದಲ್ಲ. ಅವರಿಗೆ ಮಮ್ಮುಟ್ಟಿ ಅಂದರೆ ಇಷ್ಟ, “ಈ ಪ್ರಾಯದಲ್ಲೂ ಹೇಗೆ ಓಡ್ತಾನೆ ನೋಡು” ಅಂತ ಎರಡು ಸಲ ಹೇಳಿದರು. ಅವರಿಗೆ ಅರ್ಥವಾಗದೇ ಇದ್ದದ್ದು ಒಂದೇ, ಗಡುವು ಮೀರಿದರೆ ಏನೋ ಆಗಿಬಿಡುತ್ತದೆ ಎಂಬ ಆ ನಂಬಿಕೆ. ಚಾವಡಿಯಲ್ಲಿದ್ದ ನಾವೆಲ್ಲ ಅದನ್ನು ಟಿಕೇಟಿನ ಜೊತೆಗೇ ಕೊಂಡವರು, ಹಾಗಾಗಿಯೇ ಎಳೆಯಿತು, ಓಡಿತು ಅಂತ ಜಗಳ ಮಾಡಲಿಕ್ಕೆ ನಮಗೆ ಸಾಧ್ಯವಾಯಿತು. ಅವರು ಕಂಡ ಗಡುವುಗಳೆಲ್ಲ ಸದ್ದಿಲ್ಲದೆ ದಾಟಿ ಹೋದವು. ಗ್ರಾಮ ಕಚೇರಿಯ ಗೋಡೆಯ ಗಡಿಯಾರ ನಿಂತರೂ ಅಲ್ಲಿ ಕಾಯುವವರ ಸಾಲು ಕರಗುವುದಿಲ್ಲ. ಕೊಲೆಯಾದವನು ಶ್ರೀಮಂತನಾದ್ದರಿಂದ ಹತ್ತು ದಿನ ಸಿಕ್ಕಿತು, ಬಡವನಾಗಿದ್ದರೆ ಗಡುವೇ ಇರುತ್ತಿರಲಿಲ್ಲ, ಸಿನಿಮಾವೂ ಇರುತ್ತಿರಲಿಲ್ಲ ಅನ್ನುವುದನ್ನು ನಿರ್ದೇಶಕರು ಅಲ್ಲಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಬಿಟ್ಟಿದ್ದಾರೆ ಅಂತ ನನ್ನ ದೂರು. ಹಾಗಂತ ಕೆಟ್ಟ ಸಿನಿಮಾ ಅಲ್ಲ. ಸುಮೋದೊಳಗೆ ಆ ನಾಲ್ವರು ಬಳಲಿ, ಒಬ್ಬರನ್ನೊಬ್ಬರು ಸಹಿಸಿಕೊಂಡು ಕೂರುವ ಹೊತ್ತುಗಳು ನನಗೆ ಹೊಡೆದಾಟಕ್ಕಿಂತ ಹಿಡಿಸಿದವು.

ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಭಾವನಿಗೆ ಹೇಳಿದೆ. ತೊಂಬತ್ತು ದಿನದ ಚಾರ್ಜ್‌ಶೀಟಿನ ಬಗ್ಗೆಯೋ ಮೂರು ತಿಂಗಳ ಪರಿಹಾರದ ಬಗ್ಗೆಯೋ ಯಾರಾದರೂ ಸಿನಿಮಾ ಮಾಡಬೇಕಿತ್ತು ಅಂದೆ.

“ಮಾಡಲಿ,” ಅಂದರು ಅವರು. “ಮಾಡಿದರೆ ನಿನ್ನ ಅಣ್ಣ ಮೊದಲರ್ಧ ಎಳೆದಿದ್ದಾರೆ ಅಂತಾನೆ.”