ಹಸಿರು ಫಲಕದ ಇಪ್ಪತ್ತು

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಲಾರಿಗಳ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ ಪಾಳಿ. ಜುಲೈ ತಿಂಗಳ ಒಂದು ರಾತ್ರಿ ಒಂದೂವರೆ ಗಂಟೆಗೆ, ಪಶ್ಚಿಮ ಟೆಕ್ಸಾಸ್‌ನಲ್ಲಿ ಆಗ ಮಧ್ಯಾಹ್ನ ಮೂರು, ತೈಲಬಾವಿಗೆ ಕೊಳವೆ ಸಾಗಿಸುತ್ತಿದ್ದ ಚಾಲಕರು ಕರೆ ಮಾಡಿದರು. ಟ್ರೇಲರ್‌ನ ಟೈರ್ ಸಿಡಿದಿತ್ತು. “ಇಪ್ಪತ್ತರಲ್ಲಿದ್ದೇನೆ, ಒಡೆಸ್ಸಾ ದಾಟಿ ಮಿಡ್‌ಲ್ಯಾಂಡ್ ಕಡೆಗೆ” ಎಂದರು. ಟೈರ್ ರಿಪೇರಿ ವ್ಯಾನನ್ನು ಇಂಟರ್‌ಸ್ಟೇಟ್ 20ಕ್ಕೆ, ಅಂದರೆ ರಾಜ್ಯ ರಾಜ್ಯಗಳನ್ನು ಜೋಡಿಸುವ ಆ ಸಂಖ್ಯೆಯ ದೊಡ್ಡ ಹೆದ್ದಾರಿಗೆ, ಕಳುಹಿಸಿದೆ. ವ್ಯಾನ್ ಆ ದೂರವನ್ನೆಲ್ಲ ಓಡಿತು, ಲಾರಿ ಸಿಗಲಿಲ್ಲ.

ಮತ್ತೆ ಕರೆ ಮಾಡಿ, ಪಕ್ಕದಲ್ಲಿ ಏನು ಕಾಣಿಸುತ್ತಿದೆ ಎಂದು ಕೇಳಿದೆ. “ಗೂಡ್ಸ್ ರೈಲು ಹೋಗುತ್ತಿದೆ.” ನಕಾಶೆ ನೋಡಿದ ಕೂಡಲೇ ತಪ್ಪು ತಿಳಿಯಿತು. ರೈಲು ಹಳಿಯನ್ನು ಅಂಟಿಕೊಂಡು ಸಾಗುವುದು ಬಿಸಿನೆಸ್ 20. ಇಂಟರ್‌ಸ್ಟೇಟ್ ಅದಕ್ಕಿಂತ ದಕ್ಷಿಣಕ್ಕಿದೆ.

ಬಿಸಿನೆಸ್ ಮಾರ್ಗ ಎಂದರೆ ಸರಕು ಲಾರಿಗಳಿಗೆಂದೇ ಇರುವ ದಾರಿಯಲ್ಲ. 1956ರ ಹೆದ್ದಾರಿ ಕಾಯ್ದೆಯ ನಂತರ ಇಂಟರ್‌ಸ್ಟೇಟ್‌ಗಳು ಊರ ಹೊರಗಿನಿಂದ ಹಾದು ಹೋದಾಗ, ಪೇಟೆಯ ನಡುವಿನ ಹಳೆಯ ಹೆದ್ದಾರಿಗೆ ಹಲವೆಡೆ ಈ ಹೆಸರು ಬಂತು. ಪ್ರಯಾಣಿಕರು ಪೇಟೆಗೂ ಬಂದು ಹೋಗಲಿ ಎಂದು. ಇಂಟರ್‌ಸ್ಟೇಟ್ ಫಲಕ ನೀಲಿ, ಮೇಲೆ ಕೆಂಪು ಪಟ್ಟಿ. ಬಿಸಿನೆಸ್ ಫಲಕದ ಆಕಾರವೂ ಅದೇ, ಸಂಖ್ಯೆಯೂ ಅದೇ, ಬಣ್ಣ ಮಾತ್ರ ಹಸಿರು. ಅದು ಇಂಟರ್‌ಸ್ಟೇಟ್ ಜಾಲಕ್ಕೆ ಸೇರಿದ್ದಲ್ಲ, ಆದ್ದರಿಂದ ಸಿಗ್ನಲ್, ಅಡ್ಡರಸ್ತೆ ಎಲ್ಲವೂ ಇರಬಹುದು.

ನನ್ನನ್ನು ದಾರಿ ತಪ್ಪಿಸಿದ್ದು ಅದರ ಉದ್ದ. ಸಾಮಾನ್ಯವಾಗಿ ಇಂಥ ಮಾರ್ಗ ಊರಿನ ಒಂದು ತುದಿಯಲ್ಲಿ ಹೆದ್ದಾರಿ ಬಿಟ್ಟು ಇನ್ನೊಂದು ತುದಿಯಲ್ಲಿ ಸೇರಿಕೊಳ್ಳುತ್ತದೆ, ಕೆಲವೇ ಮೈಲಿಗಳಲ್ಲಿ ಮುಗಿಯುತ್ತದೆ. ಊರು ದಾಟಿದ್ದೇನೆ ಎಂದ ಚಾಲಕರು ಇಂಟರ್‌ಸ್ಟೇಟ್‌ನಲ್ಲೇ ಇರಬೇಕು ಎಂಬುದು ನನ್ನ ಲೆಕ್ಕ. ಆದರೆ ಇದು ಸುಮಾರು ಇಪ್ಪತ್ತು ಮೈಲಿ ಅಂತರದ ಎರಡು ನಗರಗಳನ್ನು ಒಂದೇ ಎಳೆಯಲ್ಲಿ ಹೊಲಿಯುತ್ತದೆ. ಒಡೆಸ್ಸಾದಲ್ಲಿ ಎರಡನೇ ಬೀದಿಯಾಗಿ ಹಾದು, ವಿಮಾನ ನಿಲ್ದಾಣ ದಾಟಿ ಮಿಡ್‌ಲ್ಯಾಂಡ್ ಪೇಟೆ ಹೊಗುತ್ತದೆ. ಇದು ಹಿಂದಿನ ಯು.ಎಸ್. 80 ಹೆದ್ದಾರಿ. ಟೆಕ್ಸಾಸ್ ಸರ್ಕಾರದ ದಾಖಲೆಯಲ್ಲಿ ಇದರ ಹೆಸರು 20-ಇ. ಒಂದೇ ಹೆದ್ದಾರಿಗೆ ಹಲವು ಊರುಗಳಲ್ಲಿ ಬಿಸಿನೆಸ್ ಮಾರ್ಗಗಳಿರುವುದರಿಂದ ಅವರು ಸಾಲಾಗಿ ಅಕ್ಷರ ಕೊಟ್ಟಿದ್ದಾರೆ. ಬಹಳ ಒಳ್ಳೆಯ ಪದ್ಧತಿ, ಆದರೆ ಫೋನಿನಲ್ಲಿ ಆ ಅಕ್ಷರವನ್ನು ಯಾರೂ ಹೇಳುವುದಿಲ್ಲ.

ನಾನು ದಾವಣಗೆರೆಯವನು. ಬೈಪಾಸ್ ಬಂದ ಮೇಲೂ ನಮ್ಮೂರಲ್ಲಿ ಹಳೆಯ ಹೆದ್ದಾರಿ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಾಗಿಯೇ ಉಳಿದಿದೆ. ಯಾರಾದರೂ “ಹೈವೇಯಲ್ಲಿದ್ದೇನೆ” ಎಂದರೆ, ಬೈಪಾಸೋ ಪಿ.ಬಿ. ರಸ್ತೆಯೋ ಎಂದು ತಕ್ಷಣ ಕೇಳುತ್ತೇನೆ. ಟೆಕ್ಸಾಸ್‌ನವರನ್ನು ಹಾಗೆ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಆ ಮನುಷ್ಯ ನನ್ನಿಂದಾಗಿ ಆ ಬಿಸಿಲಿನಲ್ಲಿ ಎರಡು ಗಂಟೆ ಹೆಚ್ಚು ನಿಂತರು.

ಈಗ ಲಾರಿ ಕೆಟ್ಟ ಕರೆ ಬಂದಾಗ ತುಂಬುವ ನಮೂನೆಯಲ್ಲಿ, ರಸ್ತೆಯ ಸಂಖ್ಯೆಗಿಂತ ಮೊದಲು ಫಲಕದ ಬಣ್ಣಕ್ಕೊಂದು ಕಲಂ ಇದೆ. ಹೊಸಬರಿಗೆ ಕೆಲಸ ಕಲಿಸುವಾಗ ಮೊದಲು ತೋರಿಸುವುದು ಅದನ್ನೇ.